ಕರುಳು ತೊಳೆಸೋಕೆ ದುಡ್ಡು ಕಟ್ಟುವ ಮೊದಲು

ನಾನು ಚಿಕ್ಕವಳಿದ್ದಾಗ ಎರಡು ಮೂರು ತಿಂಗಳಿಗೊಮ್ಮೆ ಒಂದು ಭಾನುವಾರ ನಮ್ಮ ಮನೆಯಲ್ಲಿ ಹರಳೆಣ್ಣೆ ದಿನ. ಅಜ್ಜಿ ಬೆಳಗ್ಗೆ ಆರಕ್ಕೇ ಎಬ್ಬಿಸಿ, ಬಿಸಿ ಕಾಫಿಗೆ ಎಣ್ಣೆ ಸುರಿದು, ಮೂಗು ಹಿಡಿದು ಕುಡಿಸುತ್ತಿದ್ದರು. ಮೇಲೆ ತೇಲುವ ಎಣ್ಣೆ ತುಟಿಗೆಲ್ಲ ಅಂಟುತ್ತಿತ್ತು. ವಾಂತಿ ಆಗದಿರಲಿ ಅಂತ ನೆಕ್ಕೋದಕ್ಕೆ ಒಂದು ಚೂರು ನಿಂಬೆಕಾಯಿ ಉಪ್ಪಿನಕಾಯಿ. ಹತ್ತು ಗಂಟೆ ಹೊತ್ತಿಗೆ ಹಿತ್ತಲಿನ ಕಕ್ಕಸಿನ ಮುಂದೆ ನಾವು ನಾಲ್ಕು ಮಕ್ಕಳು ಹೊಟ್ಟೆ ಹಿಡಿದುಕೊಂಡು ಸಾಲಾಗಿ ನಿಂತಿರುತ್ತಿದ್ದೆವು. ಮಧ್ಯಾಹ್ನ ಮೆಣಸಿನ ಸಾರು, ಅನ್ನ. "ಹೊಟ್ಟೆ ಶುದ್ಧ ಆಯ್ತು" ಅಂತ ಅಜ್ಜಿಗೆ ಸಮಾಧಾನ.

ಅಜ್ಜಿಯ ಲೆಕ್ಕದಲ್ಲಿ ಅದು ಜಂತುಹುಳಕ್ಕೆ ಮದ್ದು. ಆ ಕೆಲಸಕ್ಕೆ ಈಗ ಅಲ್ಬೆಂಡಜೋಲ್ ಮಾತ್ರೆ ಇದೆ. 2015ರಿಂದ ಶಾಲೆ, ಅಂಗನವಾಡಿಗಳಲ್ಲಿ ಪುಕ್ಕಟೆಯಾಗಿ ಕೊಡುತ್ತಾರೆ. ಆದರೆ "ಶುದ್ಧ" ಅನ್ನುವ ಮಾತು ಮಾತ್ರ ಹೋಗಿಲ್ಲ. ಮೊಬೈಲ್ ತೆಗೆದರೆ ಸಾಕು, ನಿಮ್ಮ ಕರುಳಿನಲ್ಲಿ ಕಿಲೋಗಟ್ಟಲೆ ಹಳೇ ಕೊಳೆ ಅಂಟಿಕೊಂಡಿದೆ, ಮೊಡವೆಗೂ ಮಂಡಿನೋವಿಗೂ ಅದೇ ಕಾರಣ, ಈ ಪುಡಿ ಕುಡಿಯಿರಿ, ಆ ಪ್ಯಾಕೇಜ್ ತಗೊಳ್ಳಿ ಅನ್ನೋ ಜಾಹೀರಾತು. ದುಡ್ಡು ಕಟ್ಟುವ ಮೊದಲು ಇದನ್ನೊಮ್ಮೆ ಓದಿ.

ಕೊಳೆ ಎಲ್ಲಿದೆ?

ದೊಡ್ಡಕರುಳು ಸುಮಾರು ಒಂದೂವರೆ ಮೀಟರ್ ಉದ್ದದ ಕೊಳವೆ. ಹೊಟ್ಟೆಯ ಬಲಗಡೆ ಕೆಳಗೆ ಶುರುವಾಗಿ, ಮೇಲೆ ಹತ್ತಿ, ಅಡ್ಡ ಹಾದು, ಎಡಗಡೆ ಇಳಿಯುತ್ತದೆ. ಸಣ್ಣಕರುಳಿನಿಂದ ದಿನಕ್ಕೆ ಒಂದೂವರೆ ಲೀಟರಿನಷ್ಟು ನೀರುನೀರಾದ ಸರಕು ಇಲ್ಲಿಗೆ ಬರುತ್ತದೆ. ಅದರಲ್ಲಿನ ನೀರು, ಉಪ್ಪು ಹೀರಿ ದೇಹಕ್ಕೆ ವಾಪಸ್ ಕೊಡೋದು ಇದರ ಕೆಲಸ. ಕೊನೆಗೆ ಮಲದ ಜೊತೆ ಹೊರಗೆ ಹೋಗುವ ನೀರು ಒಂದು ಸಣ್ಣ ಲೋಟದಷ್ಟು, ಅಷ್ಟೇ. ಇನ್ನು ಒಳಗೋಡೆಯ ಜೀವಕೋಶಗಳು ನಾಲ್ಕೈದು ದಿನಕ್ಕೆಲ್ಲ ಉದುರಿ ಹೊಸವು ಬರುತ್ತವೆ. ಗೋಡೆಯೇ ವಾರದೊಳಗೆ ಹೊಸದಾಗುವಾಗ ಹತ್ತು ವರ್ಷದ ಕೊಳೆ ಎಲ್ಲಿಗೆ ಅಂಟಿಕೊಂಡಿರಬೇಕು, ಹೇಳಿ?

ಈ ಕೊಳೆಯ ಕಥೆ ಹಳೇದು. ಮಲ ಒಳಗೇ ಉಳಿದರೆ ಅದರ ವಿಷ ರಕ್ತಕ್ಕೆ ಸೇರಿ ಎಲ್ಲ ರೋಗ ಬರುತ್ತದೆ ಅಂತ ನೂರು ವರ್ಷದ ಹಿಂದೆ ದೊಡ್ಡ ದೊಡ್ಡ ಡಾಕ್ಟರುಗಳೇ ನಂಬಿದ್ದರು. ಲಂಡನ್ನಿನ ಗೈಸ್ ಆಸ್ಪತ್ರೆಯ ಸರ್ಜನ್ ಆರ್ಬತ್‌ನಾಟ್ ಲೇನ್ ಮಲಬದ್ಧತೆ ಇದ್ದವರ ದೊಡ್ಡಕರುಳನ್ನೇ ಕತ್ತರಿಸಿ ತೆಗೆಯುತ್ತಿದ್ದರು. ಅಮೆರಿಕದಲ್ಲಿ ಜಾನ್ ಹಾರ್ವಿ ಕೆಲಾಗ್ ತಮ್ಮ ಆರೋಗ್ಯಧಾಮದಲ್ಲಿ ಎನಿಮಾ ಕೊಡಿಸುತ್ತಿದ್ದರು. ಹೌದು, ಕಾರ್ನ್‌ಫ್ಲೇಕ್ಸಿನ ಕೆಲಾಗೇ. 1919ರಲ್ಲಿ ವಾಲ್ಟರ್ ಆಲ್ವಾರೆಜ್ ಅನ್ನುವ ಅಮೆರಿಕದ ವೈದ್ಯರು ಒಂದು ಸರಳ ಪ್ರಶ್ನೆ ಎತ್ತಿದರು. ಹೊಟ್ಟೆ ಕಟ್ಟಿದವರಿಗೆ ಕಕ್ಕಸಿಗೆ ಹೋಗಿ ಬಂದ ಕೂಡಲೇ ತಲೆಭಾರ ಇಳಿಯುತ್ತದಲ್ಲ, ರಕ್ತದಲ್ಲಿ ವಿಷ ಸೇರಿದ್ದರೆ ಅಷ್ಟು ಬೇಗ ಹೇಗೆ ಇಳಿಯಬೇಕು? ಮಲ ತುಂಬಿ ಗುದನಾಳ ಹಿಗ್ಗುವುದರಿಂದಲೇ ಆ ಕಿರಿಕಿರಿ ಅಂತ ಅವರು ವಾದಿಸಿದರು. ಆಮೇಲೆ ವಿಷದ ಸಿದ್ಧಾಂತ ವೈದ್ಯರ ನಡುವೆ ಬಿದ್ದುಹೋಯಿತು. ಮಾರುವವರ ನಡುವೆ ಬೀಳಲಿಲ್ಲ.

ಕೆಲವು ಪುಡಿ ಕುಡಿದವರಿಗೆ ಹಗ್ಗದಂಥ, ರಬ್ಬರಿನಂಥ ಏನೋ ಹೊರಗೆ ಬರುತ್ತದೆ. ಅದರ ಫೋಟೋ ಹಾಕಿ "ನೋಡಿ ಕೊಳೆ" ಅನ್ನುತ್ತಾರೆ. ಪೊಟ್ಟಣ ತಿರುಗಿಸಿ ಓದಿ. ಬೆಂಟೋನೈಟ್ ಜೇಡಿಮಣ್ಣು, ಇಸಬ್‌ಗೋಲ್ ಅಂತ ಬರೆದಿರುತ್ತದೆ. ಎರಡೂ ನೀರು ಕುಡಿದು ಉಬ್ಬಿ ಅಚ್ಚು ಹಾಕಿದ ಹಾಗೆ ಹೊರಬರುತ್ತವೆ. ನೀವು ನುಂಗಿದ್ದೇ ವಾಪಸ್ ಬಂತು ಅಷ್ಟೇ.

ಹಾಗಂತ ಹೊಟ್ಟೆ ಕಟ್ಟೋದು ಸುಳ್ಳು ಅಂತಲ್ಲ. ಅದು ನಿಜ, ಅದರ ಹಿಂಸೆಯೂ ನಿಜ. ಅದಕ್ಕೆ ಏನು ಮಾಡಬೇಕು ಅನ್ನೋದನ್ನ ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ಹೆಜ್ಜೆ 1: ಒಂದು ವಾರ ಬರೆದಿಡಿ

ದಿನಾ ಬೆಳಗ್ಗೆ ಆಗಲೇಬೇಕು ಅನ್ನೋದು ನಮ್ಮ ಮನೆಗಳ ನಂಬಿಕೆ. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ ಎಲ್ಲವೂ ಸರಿಯೇ. ಎಷ್ಟು ಸಲ ಅನ್ನೋದಕ್ಕಿಂತ ಹೇಗೆ ಅನ್ನೋದು ಮುಖ್ಯ.

ಇದಕ್ಕೆ ಬ್ರಿಸ್ಟಲ್ ಚಾರ್ಟ್ ಅಂತ ಒಂದಿದೆ. ಇಂಗ್ಲೆಂಡಿನ ಬ್ರಿಸ್ಟಲ್‌ನ ವೈದ್ಯರು 1997ರಲ್ಲಿ ಪ್ರಕಟಿಸಿದ್ದು. ಮಲವನ್ನು ಏಳು ಬಗೆ ಮಾಡಿದ್ದಾರೆ. 1 ಅಂದರೆ ಆಡಿನ ಹಿಕ್ಕೆ ಥರ ಗಟ್ಟಿ ಗಟ್ಟಿ ಉಂಡೆ. 2 ಅಂದರೆ ಆ ಉಂಡೆಗಳೇ ಒಂದಕ್ಕೊಂದು ಅಂಟಿದ್ದು. 3 ಮೇಲೆ ಬಿರುಕು ಬಿಟ್ಟಿದ್ದು, 4 ಬಾಳೆಹಣ್ಣಿನ ಹಾಗೆ ನುಣುಪು. ಇವೆರಡು ಬಂದರೆ ಆರಾಮ. 5ರಿಂದ ಮುಂದೆ ಮೆತ್ತಗಾಗುತ್ತಾ 7ಕ್ಕೆ ಬರೀ ನೀರು.

ಕ್ಯಾಲೆಂಡರಿನ ಮೂಲೆಯಲ್ಲಿ ಏಳು ದಿನ ಒಂದೊಂದು ಅಂಕಿ ಬರೆಯಿರಿ. ತಿಣುಕಬೇಕಾಯಿತಾ, ಪೂರ್ತಿ ಆಗಿಲ್ಲ ಅನ್ನಿಸಿತಾ, ಅದನ್ನೂ ಒಂದು ಗೆರೆ ಹಾಕಿ ಗುರುತು ಮಾಡಿ. ನಗು ಬರಬಹುದು. ಆದರೆ ಡಾಕ್ಟರ ಮುಂದೆ "ಯಾಕೋ ಸರಿಯಾಗಿ ಆಗ್ತಿಲ್ಲ ಸಾರ್" ಅಂತ ತಡವರಿಸೋದಕ್ಕಿಂತ ಈ ಏಳು ಅಂಕಿ ಮೇಲು.

ಹೆಜ್ಜೆ 2: ಮನೆಮದ್ದು ಮಾಡಬಾರದ ಸಂದರ್ಭ

ಇವುಗಳಲ್ಲಿ ಒಂದಿದ್ದರೂ ಮುಂದಿನ ಹೆಜ್ಜೆಗಳನ್ನು ಬಿಟ್ಟು ಸೀದಾ ಡಾಕ್ಟರ ಹತ್ತಿರ ಹೋಗಿ. ಮಲದಲ್ಲಿ ರಕ್ತ, ಅಥವಾ ಟಾರಿನ ಹಾಗೆ ಕಪ್ಪು ಮಲ. ಕಾರಣವಿಲ್ಲದೆ ತೂಕ ಇಳಿಯುವುದು. ರಕ್ತಹೀನತೆ. ನಲವತ್ತೈದು ದಾಟಿದ ಮೇಲೆ ಹೊಸದಾಗಿ ಶುರುವಾಗಿ ವಾರಗಟ್ಟಲೆ ಮುಂದುವರಿದ ಮಲಬದ್ಧತೆ ಅಥವಾ ಭೇದಿ. ಮನೆಯಲ್ಲಿ ಅಪ್ಪ, ಅಮ್ಮ, ಒಡಹುಟ್ಟಿದವರಿಗೆ ದೊಡ್ಡಕರುಳಿನ ಕ್ಯಾನ್ಸರ್ ಆಗಿದ್ದರೆ ಅದನ್ನೂ ಹೇಳಿ. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ ಕರುಳಿಗೆ ತಡೆ ಬಿದ್ದಿರಬಹುದು. ಆಗ ಬೆಳಗಾಗಲಿ ಅಂತ ಕಾಯಬೇಡಿ, ಆ ಹೊತ್ತಿಗೇ ಆಸ್ಪತ್ರೆ.

ರಕ್ತ ಕಂಡರೆ ನಮ್ಮಲ್ಲಿ ಮೊದಲು ಬರುವ ಮಾತು "ಉಷ್ಣ ಆಗಿದೆ", ಎರಡನೇದು "ಮೂಲವ್ಯಾಧಿ ಇರಬೇಕು". ಹೆಚ್ಚಿನ ಸಲ ಮೂಲವ್ಯಾಧಿಯೇ ಇರುತ್ತದೆ. ಆದರೆ ನೋಡದೆ ಹೇಳೋಕೆ ಆಗಲ್ಲ. ಎಳನೀರು, ಬೆಣ್ಣೆ ತಿಂದುಕೊಂಡು ವರ್ಷಗಟ್ಟಲೆ ಕಳೆಯುವುದು ಬೇಡ.

ಹೆಜ್ಜೆ 3: ನಾರು, ನಿಧಾನಕ್ಕೆ

2000 ಕ್ಯಾಲೊರಿ ಊಟಕ್ಕೆ ದಿನಕ್ಕೆ 30 ಗ್ರಾಂ ನಾರು ಬೇಕು ಅನ್ನುತ್ತದೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. 100 ಗ್ರಾಂ ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 11 ಗ್ರಾಂ ಇದೆ. ಹುರುಳಿಕಾಳಿನಲ್ಲಿ ಹತ್ತಿರ ಹತ್ತಿರ 8. ಬೆಳಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಅನ್ನ ಮೊಸರು ಅಂತ ಉಂಡರೆ ಲೆಕ್ಕ ಎಲ್ಲಿ ನಿಲ್ಲುತ್ತದೆ ನೀವೇ ನೋಡಿ. ಒಂದು ಹೊತ್ತು ಮುದ್ದೆ ಅಥವಾ ಜೋಳದ ರೊಟ್ಟಿ, ಜೊತೆಗೆ ಸೊಪ್ಪಿನ ಸಾರೋ ಹುರುಳಿ ಸಾರೋ, ಸಂಜೆ ಬೀಜದ ಸಮೇತ ಒಂದು ಸೀಬೆಹಣ್ಣು. ಇಷ್ಟಾದರೆ ಅರ್ಧಕ್ಕಿಂತ ಜಾಸ್ತಿ ದಾರಿ ಸಾಗಿದ ಹಾಗೆ.

ವರ್ಷಕ್ಕೊಮ್ಮೆಯಾದರೂ ಬಾಳೆದಿಂಡಿನ ಪಲ್ಯ ತಿನ್ನಬೇಕು, ಹೊಟ್ಟೆಗೆ ಹೋದ ಕೂದಲು, ಕಲ್ಲು ಎಲ್ಲ ಹೊರಗೆ ಬರುತ್ತದೆ ಅಂತ ಹಿರಿಯರು ಹೇಳುತ್ತಾರಲ್ಲ. ಕೂದಲಿನ ಮಾತು ಬಿಡಿ, ನಾರಿನ ಮಾತು ನಿಜ. ಹೆಚ್ಚುವಾಗ ಬೆರಳಿಗೆ ಸುತ್ತಿ ಸುತ್ತಿ ತೆಗೆಯುತ್ತೀವಲ್ಲ, ಆ ಎಳೆ. ಅದನ್ನ ತೆಗೆದರೂ ದಿಂಡಿನಲ್ಲಿ ಬೇಕಾದಷ್ಟು ಉಳಿದಿರುತ್ತದೆ. ವರ್ಷಕ್ಕೊಮ್ಮೆ ಯಾಕೆ, ವಾರಕ್ಕೊಮ್ಮೆ ಮಾಡಿ.

ಈ ನಾರಿನಲ್ಲಿ ಒಂದು ಭಾಗ ಮಲಕ್ಕೆ ಗಾತ್ರ ಕೊಡುತ್ತದೆ. ಇನ್ನೊಂದು ಭಾಗ ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಊಟ. ಅವು ಅದನ್ನು ಹುದುಗಿಸಿ ಬ್ಯುಟಿರೇಟ್ ಅನ್ನುವ ಆಮ್ಲ ಮಾಡುತ್ತವೆ. ದೊಡ್ಡಕರುಳಿನ ಗೋಡೆಯ ಜೀವಕೋಶಗಳು ಬದುಕೋದೇ ಹೆಚ್ಚಾಗಿ ಅದರ ಮೇಲೆ. ಹಾಗಾಗಿ ಒಳಗೆ ನೀರು ನುಗ್ಗಿಸಿ ತೊಳೆದರೆ ಹೋಗುವುದು ಬರೀ ಮಲ ಅಲ್ಲ, ಈ ಕೆಲಸಗಾರರಲ್ಲೂ ಒಂದಷ್ಟು ಜನ ಹೋಗುತ್ತಾರೆ.

ಒಂದು ಎಚ್ಚರ. ಇದನ್ನ ಓದಿ ನಾಳೆಯೇ ಮೂರು ಹೊತ್ತು ಮುದ್ದೆ, ಮೊಳಕೆಕಾಳು ಅಂತ ಶುರು ಮಾಡಿದರೆ ಹೊಟ್ಟೆ ಉಬ್ಬರಿಸಿ ಪಕ್ಕದವರಿಗೂ ತೊಂದರೆ. ವಾರಕ್ಕೊಂದು ಪದಾರ್ಥ ಸೇರಿಸಿ. ನೀರು ಬಾಯಾರಿಕೆಗೆ ತಕ್ಕಂತೆ, ಮೂತ್ರ ತಿಳಿ ಹಳದಿ ಇರುವಷ್ಟು. ನಾರು ಜಾಸ್ತಿ ಮಾಡಿ ನೀರು ಕಡಿಮೆ ಮಾಡಿದರೆ ಇದ್ದಿದ್ದೂ ಗಟ್ಟಿ.

ಹೆಜ್ಜೆ 4: ಕೂರುವ ಹೊತ್ತು, ಕೂರುವ ರೀತಿ

ಹೊಟ್ಟೆಗೆ ಏನಾದರೂ ಬಿದ್ದ ಕೂಡಲೇ ದೊಡ್ಡಕರುಳು ಅಲುಗಾಡಲು ಶುರುಮಾಡುತ್ತದೆ. ಬೆಳಗಿನ ಕಾಫಿ ಕುಡಿದ ತಕ್ಷಣ ಹೋಗಬೇಕು ಅನ್ನಿಸೋದು ಅದಕ್ಕೇ. ಆ ಕರೆ ಹತ್ತು ಹದಿನೈದು ನಿಮಿಷ ಇರುತ್ತದೆ. ಮಗುವಿನ ಸ್ಕೂಲ್ ವ್ಯಾನ್ ಬಂತು, ಆಫೀಸ್ ಬಸ್ ಹೋಯ್ತು ಅಂತ ತಳ್ಳಿಬಿಟ್ಟರೆ ಅದು ಸುಮ್ಮನಾಗುತ್ತದೆ. ದಿನಾ ತಳ್ಳಿದರೆ ಕರೆಯೋದನ್ನೇ ಕಡಿಮೆ ಮಾಡುತ್ತದೆ. ಹೆಂಗಸರಲ್ಲಿ ಇದು ಜಾಸ್ತಿ. ಮನೆಯವರೆಲ್ಲ ಹೊರಟ ಮೇಲೆ ತಮ್ಮ ಸರದಿ ಅಂದುಕೊಳ್ಳುತ್ತಾರೆ, ಅಷ್ಟು ಹೊತ್ತಿಗೆ ಕರೆ ಹೋಗಿರುತ್ತದೆ. ಕಾಲು ಗಂಟೆ ಬೇಗ ಏಳಿ, ಬಿಸಿಯಾಗಿ ಏನಾದರೂ ಕುಡಿದು, ದಿನಾ ಅದೇ ಹೊತ್ತಿಗೆ ಹೋಗಿ ಕೂರಿ. ಐದು ನಿಮಿಷದಲ್ಲಿ ಆಗದಿದ್ದರೆ ಎದ್ದು ಬನ್ನಿ. ಮೊಬೈಲ್ ಹೊರಗೇ ಇರಲಿ.

ಗುದನಾಳದ ಸುತ್ತ ಒಂದು ಸ್ನಾಯು ಪಟ್ಟಿಯ ಹಾಗೆ ಬಳಸಿಕೊಂಡು ಅದನ್ನು ಮುಂದಕ್ಕೆ ಎಳೆದು ಬಾಗಿಸಿ ಹಿಡಿದಿರುತ್ತದೆ. ಕುಕ್ಕರಗಾಲಲ್ಲಿ ಕೂತಾಗ ಆ ಪಟ್ಟಿ ಸಡಿಲವಾಗಿ ದಾರಿ ನೇರವಾಗುತ್ತದೆ. ನಮ್ಮ ಹಳೇ ಇಂಡಿಯನ್ ಕಕ್ಕಸಿನ ಗುಟ್ಟು ಇಷ್ಟೇ. ಕಮೋಡ್ ಇದ್ದರೆ ಕಾಲ ಕೆಳಗೆ ಒಂದು ಗಿಡ್ಡ ಸ್ಟೂಲ್ ಇಡಿ, ಮಂಡಿ ಸೊಂಟಕ್ಕಿಂತ ಮೇಲೆ ಬರಲಿ, ಸ್ವಲ್ಪ ಮುಂದೆ ಬಾಗಿ. ನಮ್ಮ ಮನೆಯಲ್ಲಿ ಮಗಳು ಸ್ನಾನಕ್ಕೆ ಕೂರುತ್ತಿದ್ದ ಪ್ಲಾಸ್ಟಿಕ್ ಸ್ಟೂಲಿಗೆ ಈಗ ಇದೇ ಕೆಲಸ.

ಹೆಜ್ಜೆ 5: ಇಷ್ಟು ಮಾಡಿದರೂ ಆಗದಿದ್ದರೆ

ಮೊದಲು ಮಾತ್ರೆಯ ಡಬ್ಬಿ ನೋಡಿ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ, ಕೆಲವು ಆಸಿಡಿಟಿ ಔಷಧ, ಕೋಡೀನ್ ಇರುವ ಕೆಮ್ಮಿನ ಸಿರಪ್, ಕೆಲವು ಬಿಪಿ ಮಾತ್ರೆ, ಖಿನ್ನತೆಯ ಮಾತ್ರೆಗಳೂ ಹೊಟ್ಟೆ ಕಟ್ಟಿಸುತ್ತವೆ. ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನು ಕೇಳಿ. ಥೈರಾಯ್ಡ್ ಕಡಿಮೆ ಇದ್ದರೂ ಹೀಗಾಗುತ್ತದೆ. ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ.

ಆಮೇಲೆ ಇಸಬ್‌ಗೋಲ್. ಒಂದು ಚಮಚದಿಂದ ಶುರು ಮಾಡಿ. ತುಂಬಿದ ದೊಡ್ಡ ಲೋಟ ನೀರಿಗೆ ಹಾಕಿ, ಕಲಸಿ, ಗಂಜಿಯಾಗುವ ಮೊದಲೇ ಕುಡಿಯಿರಿ. ಮೇಲೆ ಇನ್ನೊಂದು ಲೋಟ ನೀರು. ಒಣಗಿದ್ದನ್ನೇ ಬಾಯಿಗೆ ಹಾಕಿಕೊಂಡು ಒಂದು ಗುಟುಕು ನೀರು ಕುಡಿಯುವವರನ್ನು ನೋಡಿದ್ದೇನೆ. ಗಂಟಲಿನಲ್ಲೇ ಉಬ್ಬಿ ಸಿಕ್ಕಿಕೊಳ್ಳಬಹುದು, ಹಾಗೆ ಮಾಡಬೇಡಿ. ಬೇರೆ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರ ಇರಲಿ. ಇದೂ ಸಾಲದಿದ್ದರೆ ಲ್ಯಾಕ್ಟುಲೋಸ್ ಥರದ ಸಿರಪ್ ಇದೆ, ಡಾಕ್ಟರನ್ನು ಕೇಳಿ ತಗೊಳ್ಳಿ.

"ಹರ್ಬಲ್" ಅಂತ ಬರೆದ ಡಿಟಾಕ್ಸ್ ಟೀ, ಚೂರ್ಣಗಳಲ್ಲಿ ಬಹಳಷ್ಟರ ಒಳಗಿರೋದು ಸೋನಾಮುಖಿ ಎಲೆ, ಅಂದರೆ ಸೆನ್ನಾ. ಅದು ಕರುಳನ್ನು ಚುಚ್ಚಿ ಓಡಿಸುವ ಔಷಧ. ಅಪರೂಪಕ್ಕೆ ತೊಂದರೆ ಇಲ್ಲ. ದಿನಾ ಕುಡಿದರೆ ಭೇದಿಯಾಗಿ ಪೊಟ್ಯಾಸಿಯಂ ಇಳಿಯಬಹುದು. ತಿಂಗಳುಗಟ್ಟಲೆ ತಗೊಂಡವರ ಕರುಳಿನ ಒಳಗೋಡೆ ಕಪ್ಪಾಗಬಹುದು. ಶುದ್ಧ ಮಾಡಲು ಹೋಗಿ ಮಸಿ ಬಳಿದ ಹಾಗೆ. ಅಜ್ಜಿಯ ಹರಳೆಣ್ಣೆಯೂ ಇದೇ ಜಾತಿ. ಗರ್ಭಿಣಿಯರು ಮಾತ್ರ ಅದರ ಹತ್ತಿರವೂ ಹೋಗಬಾರದು, ಅದು ಗರ್ಭಕೋಶವನ್ನೂ ಹಿಂಡುತ್ತದೆ.

ತೊಳೆಯುವ ಬಗೆಗಳು

ಹಠಯೋಗದಲ್ಲಿ ಶಂಖಪ್ರಕ್ಷಾಲನ ಇದೆ, ಆಯುರ್ವೇದದಲ್ಲಿ ಗುದದ್ವಾರದಿಂದ ಔಷಧ ಬಿಡುವ ಬಸ್ತಿ ಇದೆ. ಗಾಂಧೀಜಿಗೂ ಎನಿಮಾದ ಮೇಲೆ ಬಹಳ ನಂಬಿಕೆ. ಅವನ್ನು ಹಗುರ ಮಾಡುವುದು ನನ್ನ ಉದ್ದೇಶ ಅಲ್ಲ. ಆದರೆ ಶಂಖಪ್ರಕ್ಷಾಲನ ಅಂದರೆ ಬಿಸಿ ಉಪ್ಪುನೀರನ್ನು ಲೋಟದ ಮೇಲೆ ಲೋಟ ಕುಡಿದು, ನಡುನಡುವೆ ಆಸನ ಮಾಡಿ, ಬರೀ ನೀರು ಹೋಗುವವರೆಗೆ ಮುಂದುವರಿಸುವುದು. ಬಿಪಿ, ಹೃದಯ, ಕಿಡ್ನಿ ತೊಂದರೆ ಇರುವವರಿಗೆ, ಗರ್ಭಿಣಿಯರಿಗೆ, ಅಲ್ಸರ್ ಇರುವವರಿಗೆ ಅಷ್ಟು ಉಪ್ಪು, ಅಷ್ಟು ನೀರು ಅಪಾಯ. ಉಳಿದವರು ಮಾಡಲೇಬೇಕೆಂದಿದ್ದರೆ ತಿಳಿದ ಗುರುಗಳ ಎದುರು ಮಾಡಿ, ವಿಡಿಯೋ ನೋಡಿಕೊಂಡು ಒಬ್ಬರೇ ಅಲ್ಲ.

ಮೆಷಿನ್ ಹಾಕಿ ಗುದದ್ವಾರದಿಂದ ಲೀಟರುಗಟ್ಟಲೆ ನೀರು ಬಿಡುವ ಕೊಲೊನ್ ಹೈಡ್ರೋಥೆರಪಿಗೆ ಮಾತ್ರ ನಾನು ಹೋಗಲ್ಲ, ನಿಮಗೂ ಬೇಡ ಅಂತಲೇ ಹೇಳುತ್ತೇನೆ. 1978ರಿಂದ 1980ರವರೆಗೆ ಅಮೆರಿಕದ ಕೊಲರಾಡೋದ ಒಂದು ಕ್ಲಿನಿಕ್ಕಿನಲ್ಲಿ ಹೀಗೆ ತೊಳೆಸಿಕೊಂಡವರಲ್ಲಿ 36 ಮಂದಿಗಾದರೂ ಅಮೀಬಿಯಾಸಿಸ್, ಅಂದರೆ ಅಮೀಬಾದಿಂದ ಬರುವ ಕರುಳಿನ ಸೋಂಕು, ಬಂತು. ಹತ್ತು ಜನರ ದೊಡ್ಡಕರುಳನ್ನು ಕತ್ತರಿಸಬೇಕಾಯಿತು, ಅವರಲ್ಲಿ ಆರು ಜನ ಸತ್ತರು. ಒಬ್ಬರ ಮಲದ ಸೋಂಕು ಅದೇ ಮೆಷಿನ್ನಿನಿಂದ ಇನ್ನೊಬ್ಬರಿಗೆ ಹೋಗಿತ್ತು. ಕಾಫಿ ಎನಿಮಾದಿಂದ ಗುದನಾಳ ಸುಟ್ಟುಕೊಂಡವರಿದ್ದಾರೆ, ಲವಣ ಏರುಪೇರಾಗಿ ಜೀವ ಹೋದದ್ದೂ ಇದೆ. ಕಾಫಿಗೆ ಬಾಯಿಯೇ ಸರಿಯಾದ ದಾರಿ.

ನಿಜವಾಗಿ ತೊಳೆಯಬೇಕಾದ ಒಂದು ರಾತ್ರಿ

ಕೊಲೊನೋಸ್ಕೋಪಿಗೆ, ಅಂದರೆ ಗುದದ್ವಾರದಿಂದ ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡಕರುಳಿನ ಒಳಗೆ ನೋಡುವ ಪರೀಕ್ಷೆಗೆ ಮಾತ್ರ ಕರುಳು ಖಾಲಿ ಇರಲೇಬೇಕು. ಹೋದ ವರ್ಷ ನನಗೆ ಆಯಿತು. ಆಸ್ಪತ್ರೆಯಲ್ಲಿ ಕೊಟ್ಟ ಚೀಟಿಯಲ್ಲಿ ನಾಲ್ಕೇ ಸಾಲು ಇತ್ತು. ನನಗೆ ಗೊತ್ತಿದ್ದರೆ ಚೆನ್ನಾಗಿತ್ತು ಅನ್ನಿಸಿದ್ದೆಲ್ಲ ಇಲ್ಲಿ ಹಾಕಿದ್ದೇನೆ. ನಿಮ್ಮ ಡಾಕ್ಟರು ಬೇರೆ ಹೇಳಿದ್ದರೆ ಅವರ ಮಾತೇ ಮಾತು.

ಒಂದು ವಾರ ಮೊದಲು: ಕಬ್ಬಿಣದ ಮಾತ್ರೆ ನಿಲ್ಲಿಸಬೇಕಾ ಕೇಳಿ. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ಇದ್ದರೆ ಆ ದಿನ ಏನು ಮಾಡಬೇಕು ಅಂತ ಬರೆಸಿಕೊಂಡೇ ಬನ್ನಿ.

ಎರಡು ಮೂರು ದಿನ ಮೊದಲು: ಮೇಲೆ ನಾನು ಹೊಗಳಿದ್ದೆಲ್ಲ ಬಂದ್. ಮುದ್ದೆ, ಸೊಪ್ಪು, ಕಾಳು, ಸೀಬೆ, ಎಳ್ಳು, ಟೊಮೆಟೊ ಬೀಜ ಯಾವುದೂ ಬೇಡ. ಬಿಳಿ ಅನ್ನ, ಇಡ್ಲಿ, ಮೊಸರನ್ನ. ಒಗ್ಗರಣೆಯ ಸಾಸಿವೆಯನ್ನೂ ಬಿಟ್ಟೆ.

ಹಿಂದಿನ ದಿನ: ಬರೀ ತಿಳಿ ದ್ರವ. ಎಳನೀರು, ಸೋಸಿದ ನಿಂಬೆ ಪಾನಕ, ಸೋಸಿದ ತಿಳಿಸಾರು, ಹಾಲಿಲ್ಲದ ಟೀ. ಕೆಂಪು ಬಣ್ಣದ್ದು ಬೇಡ, ಒಳಗೆ ರಕ್ತದ ಹಾಗೆ ಕಾಣುತ್ತದೆ.

ಸಂಜೆ: ಪಿಇಜಿ ಅನ್ನುವ, ಭೇದಿ ಮಾಡಿಸುವ ಪುಡಿ ಕೊಡುತ್ತಾರೆ, ನನಗೆ ಎರಡು ಲೀಟರ್ ನೀರಿಗೆ ಕಲಸಲು ಹೇಳಿದ್ದರು. ಅರ್ಧ ಸಂಜೆ, ಅರ್ಧ ಬೆಳಗಿನ ಜಾವ. ಹೀಗೆ ಎರಡು ಕಂತು ಮಾಡಿದರೆ ಚೆನ್ನಾಗಿ ತೊಳೆಯುತ್ತದೆ. ರುಚಿ ಉಪ್ಪುಪ್ಪಾಗಿ, ಸಾಬೂನು ನೀರಿನ ಹಾಗೆ. ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿ, ಸ್ಟ್ರಾ ಹಾಕಿ, ಕಾಲು ಗಂಟೆಗೊಂದು ಲೋಟ ಕುಡಿಯಿರಿ. ಮೂರನೇ ಲೋಟಕ್ಕೆ ನನಗೆ ಹೊಟ್ಟೆ ತೊಳೆಸಿತು, ಬೇರೆ ಅರ್ಥದಲ್ಲಿ. ಅರ್ಧ ಗಂಟೆ ಬಿಟ್ಟು, ಓಡಾಡಿ, ನಿಂಬೆಹಣ್ಣಿನ ಹೋಳು ಮೂಸುತ್ತಾ ಮುಂದುವರಿಸಿದೆ. ಮೊದಲೇ ಹಿಂಬದಿಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಇದನ್ನ ಯಾರೂ ಹೇಳಿರಲಿಲ್ಲ, ಎಂಟನೇ ಸಲಕ್ಕೆ ಬುದ್ಧಿ ಬಂತು. ಮೆಡಿಕಲ್ ಸ್ಟೋರಿನವರು ಬೇರೆ ಯಾವುದೋ ಭೇದಿ ಔಷಧ ಕೊಟ್ಟರೆ ತಗೋಬೇಡಿ. ಕುಡಿಯುವ ಸೋಡಿಯಂ ಫಾಸ್ಫೇಟ್ ಔಷಧಗಳು ಕಿಡ್ನಿಗೆ ಪೆಟ್ಟು ಕೊಟ್ಟಿವೆ, ಅಮೆರಿಕದಲ್ಲಿ 2008ರಲ್ಲೇ ಅವುಗಳ ಬಗ್ಗೆ ಎಚ್ಚರಿಕೆ ಕೊಟ್ಟಿದ್ದರು.

ಕೊನೆಗೆ ಹೋಗುವುದು ತಿಳಿ ಹಳದಿ ನೀರಾಗಿರಬೇಕು, ಮೂತ್ರದ ಹಾಗೆ. ಇನ್ನೂ ಕಂದು ಬಣ್ಣ, ಗಷ್ಟು ಕಂಡರೆ ಆಸ್ಪತ್ರೆಗೆ ಹೋದ ಕೂಡಲೇ ಹೇಳಿ, ಮುಚ್ಚಿಡಬೇಡಿ. ಸರಿಯಾಗಿ ಕಾಣದಿದ್ದರೆ ಸಣ್ಣ ಗಂಟುಗಳು ತಪ್ಪಿಹೋಗುತ್ತವೆ.

ಜೊತೆಗೆ ಒಬ್ಬರು ಬೇಕೇ ಬೇಕು. ಮಂಪರಿನ ಇಂಜೆಕ್ಷನ್ ಕೊಡುತ್ತಾರೆ, ಆ ದಿನ ಗಾಡಿ ಓಡಿಸುವ ಹಾಗಿಲ್ಲ. ನನಗೆ ತಮ್ಮ ಬಂದಿದ್ದ. ಅರ್ಧ ಗಂಟೆಯ ಕೆಲಸ. ಎಚ್ಚರವಾದ ಮೇಲೆ ಡಾಕ್ಟರು ಫೋಟೋ ತೋರಿಸಿದರು. ತಿಳಿ ಗುಲಾಬಿ ಬಣ್ಣದ, ಒದ್ದೆ ಹೊಳಪಿನ ಸುರಂಗ, ಗೋಡೆಯ ಮೇಲೆ ಎಲೆಯ ನರದ ಹಾಗೆ ರಕ್ತನಾಳ. ಐವತ್ತು ವರ್ಷ ಬಿಸಿಬೇಳೆಬಾತು, ಬೋಂಡ ತಿಂದ ಕರುಳು ಅದು. "ಸಾರ್, ಹಳೇ ಕೊಳೆ?" ಅಂತ ತಮ್ಮ ಕೇಳಿಯೇಬಿಟ್ಟ. ಡಾಕ್ಟರು ನಕ್ಕು ಇನ್ನೊಂದು ಫೋಟೋ ಮುಂದಿಟ್ಟರು. ಹೆಸರುಕಾಳಿನಷ್ಟು ದೊಡ್ಡ ಒಂದು ಪಾಲಿಪ್. ಅಂಥ ಗಂಟುಗಳಲ್ಲಿ ಕೆಲವು ಹತ್ತು ವರ್ಷದಷ್ಟು ಹೊತ್ತು ತಗೊಂಡು ಕ್ಯಾನ್ಸರ್ ಆಗುತ್ತವಂತೆ. ಅದನ್ನ ಆಗಲೇ ಸರಿಗೆಯ ಕುಣಿಕೆ ಹಾಕಿ ಕತ್ತರಿಸಿ ತೆಗೆದಿದ್ದರು. ಐದು ವರ್ಷ ಬಿಟ್ಟು ಮತ್ತೆ ಬನ್ನಿ ಅಂದರು.

ಮನೆಗೆ ಬಂದ ಮೇಲೆ ಎರಡು ಮೂರು ದಿನ ಎರಡಕ್ಕೆ ಹೋಗದಿದ್ದರೆ ಗಾಬರಿ ಬೇಡ, ಒಳಗೆ ಏನಾದರೂ ಇದ್ದರೆ ತಾನೇ ಬರೋದು. ಭೇದಿ ಮಾತ್ರೆ ನುಂಗಬೇಡಿ. ಹೊಟ್ಟೆ ಜೋರಾಗಿ ನೋಯುತ್ತಿದ್ದರೆ, ಜ್ವರ ಬಂದರೆ, ರಕ್ತ ಹೋಗುತ್ತಲೇ ಇದ್ದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಫೋನ್ ಮಾಡಿ. ಮೊದಲ ದಿನ ಮೆತ್ತಗಿನ ಅನ್ನ, ತಿಳಿಸಾರು, ಮಜ್ಜಿಗೆ. ಮೂರನೇ ದಿನ ನಾನು ಅರ್ಧ ಮುದ್ದೆ, ದಂಟಿನ ಸೊಪ್ಪಿನ ಸಾರು ಉಂಡೆ.